ಡುಬ್ಬದ ಹೋರಿ ಕಡಲು ದಾಟಿದ ಕಥೆ

ದನದ ಜಾತ್ರೆಗೆ ಹೋಗಿ ಬಂದ ಯಾರನ್ನಾದರೂ ಕೇಳಿ ನೋಡಿ. ಕನ್ನಡದಲ್ಲಿ ದನಕ್ಕಿರುವ ಹೆಸರುಗಳ ಪಟ್ಟಿ ಬೇಗ ಮುಗಿಯುವುದಿಲ್ಲ. ಕರು, ಕಡಸು, ಮಣಕ, ಹೋರಿ, ಗೂಳಿ, ಎತ್ತು, ಗೊಡ್ಡು. ವಯಸ್ಸನ್ನು ವರ್ಷದಲ್ಲಿ ಹೇಳುವವರು ಕಡಿಮೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದೇ ಲೆಕ್ಕ. ಇಷ್ಟೆಲ್ಲ ಪದಸಂಪತ್ತು ಇದ್ದೂ ಇಂಗ್ಲಿಷಿನ ‘ಸ್ಟಿಯರ್’ ಎಂಬ ಸಣ್ಣ ಮಾತಿಗೆ ಕನ್ನಡದಲ್ಲಿ ಸರಿಯಾದ ಜೋಡಿಯಿಲ್ಲ. ಬೀಜ ಒಡೆದ ಹೋರಿ ಎಂದರೆ ಇಲ್ಲಿ ಎತ್ತು. ಎತ್ತು ಎಂದರೆ ನೊಗ, ನೇಗಿಲು, ಗಾಡಿ. ಸ್ಟಿಯರ್ ಕೂಡ ಬೀಜ ಒಡೆದ ಹೋರಿಯೇ. ಆದರೆ ಅದರ ಹೆಗಲಿಗೆ ನೊಗ ತಾಗುವುದಿಲ್ಲ, ಮೂಗಿಗೆ ದಾರ ಬೀಳುವುದಿಲ್ಲ. ಅದನ್ನು ಸಾಕುವುದು ತೂಕಕ್ಕೆ. ಅಮೆರಿಕದಲ್ಲಿ, ಬ್ರೆಜಿಲ್‌ನಲ್ಲಿ, ಆಸ್ಟ್ರೇಲಿಯದಲ್ಲಿ ಕೋಟಿಗಟ್ಟಲೆ ಹೋರಿಗರುಗಳ ಬದುಕು ಹೀಗೆಯೇ ಸಾಗುತ್ತದೆ. ಆ ಹಿಂಡುಗಳ ಬಹು ದೊಡ್ಡ ಪಾಲಿನ ಮೈಯಲ್ಲಿ ಹರಿಯುವುದು ಭಾರತದ ದನಗಳ ರಕ್ತ, ಅದರಲ್ಲಿ ಕೃಷ್ಣಾ ನದಿಯ ದಂಡೆಯ ಒಂದು ಹನಿಯೂ ಇದೆ ಎಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಮೊದಲು ಆ ಸಾಕಣೆಯ ಕ್ರಮವನ್ನು ನೋಡಬೇಕು. ಅಮೆರಿಕದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಕರುಗಳು ಹೆಚ್ಚಾಗಿ ಹುಟ್ಟುವುದು ಚಳಿಗಾಲ ಕಳೆದು ಹುಲ್ಲು ಚಿಗುರುವ ಹೊತ್ತಿಗೆ. ಕೆಲವು ವಾರ ಅಥವಾ ತಿಂಗಳು ಕಳೆಯುತ್ತಲೇ ಎಲ್ಲ ಕರುಗಳನ್ನೂ ದೊಡ್ಡಿಗೆ ಕೂಡಿ, ಒಂದೇ ದಿನ ಬರೆ ಹಾಕಿ, ಲಸಿಕೆ ಚುಚ್ಚಿ, ಹೋರಿಗರುಗಳ ಬೀಜ ತೆಗೆಯುತ್ತಾರೆ. ಇದಕ್ಕೆ ಕೊಡುವ ಕಾರಣಗಳಲ್ಲಿ ಅರ್ಧ ಇಲ್ಲಿನ ರೈತನಿಗೂ ಗೊತ್ತಿರುವಂಥದ್ದೇ: ಹಾಯುವುದಿಲ್ಲ, ಹಿಂಡಿನಲ್ಲಿ ಕಾದಾಡುವುದಿಲ್ಲ. ಇನ್ನರ್ಧ ಮಾಂಸದ ಲೆಕ್ಕ. ಗೂಳಿಯ ಮಾಂಸ ಕಪ್ಪು, ಬಿರುಸು. ಬೀಜ ಒಡೆದ ದನದ ಸ್ನಾಯುವಿನ ಎಳೆಗಳ ನಡುವೆ ಸಣ್ಣಗೆ ಕೊಬ್ಬು ಕೂಡಿಕೊಳ್ಳುತ್ತದೆ. ಅಮೃತಶಿಲೆಯ ಗೆರೆಗಳ ಹಾಗೆ ಕಾಣುವ ಈ ಕೊಬ್ಬನ್ನು ನೋಡಿಯೇ ಸರ್ಕಾರದ ಪರೀಕ್ಷಕರು 1927ರಿಂದ ಅಲ್ಲಿ ಮಾಂಸಕ್ಕೆ ದರ್ಜೆ ಕೊಡುತ್ತ ಬಂದಿದ್ದಾರೆ.

ಕರು ಆರರಿಂದ ಎಂಟು ತಿಂಗಳು ತಾಯಿಯ ಜೊತೆಗಿರುತ್ತದೆ. ಹಾಲು ಕರೆದುಕೊಳ್ಳುವ ಮಾತೇ ಇಲ್ಲ, ಅಷ್ಟೂ ಕರುವಿಗೆ. ಒಂದು ಹಿಂಡಿನ ಕರುಗಳನ್ನು ಇನ್ನೊಂದಕ್ಕೆ ಹೋಲಿಸಲು ಎಲ್ಲದರ ತೂಕವನ್ನೂ 205ನೆಯ ದಿನದ ಲೆಕ್ಕಕ್ಕೆ ಇಳಿಸುವುದು ಅಲ್ಲಿನ ರೂಢಿ. ಹಾಲು ಬಿಡಿಸಿದ ಮೇಲೆ ಕೆಲವು ತಿಂಗಳು ಮತ್ತೆ ಹುಲ್ಲು. ಕಾನ್ಸಾಸ್, ಒಕ್ಲಹೋಮಗಳಲ್ಲಿ ಚಳಿಗಾಲದ ಎಳೆ ಗೋಧಿ ಪೈರನ್ನೇ ಮೇಯಲು ಬಿಡುವುದುಂಟು. ಸುಮಾರು ವರ್ಷದ ಪ್ರಾಯಕ್ಕೆ, ಮುನ್ನೂರು ಮುನ್ನೂರೈವತ್ತು ಕಿಲೋ ತೂಗುವಾಗ, ಲಾರಿ ಹತ್ತಿ ಕೊಬ್ಬಿಸುವ ದೊಡ್ಡಿಗೆ ಹೋಗುತ್ತವೆ. ಟೆಕ್ಸಸ್‌ನ ಉತ್ತರ ಭಾಗ, ಕಾನ್ಸಾಸ್, ನೆಬ್ರಾಸ್ಕಗಳಲ್ಲಿ ಇಂಥ ಒಂದೊಂದು ದೊಡ್ಡಿಯಲ್ಲಿ ಹತ್ತಾರು ಸಾವಿರ ದನಗಳಿರುತ್ತವೆ. ಹುಲ್ಲಿಲ್ಲದ ಬಯಲು, ಬೇಲಿ, ಉದ್ದಕ್ಕೂ ಸಿಮೆಂಟಿನ ಗೋದಲಿ. ಮೇವು ಮುಖ್ಯವಾಗಿ ಮುಸುಕಿನ ಜೋಳ.

ಹುಲ್ಲು ತಿಂದ ಹೊಟ್ಟೆಗೆ ಒಮ್ಮೆಲೇ ಕಾಳು ಸುರಿದರೆ ಏನಾಗುತ್ತದೆ ಎಂಬುದನ್ನು ಕಣದಲ್ಲಿ ಜೋಳದ ರಾಶಿಗೆ ಬಾಯಿ ಹಾಕಿದ ಎತ್ತನ್ನು ಕಂಡವರು ಬಲ್ಲರು. ಹೊಟ್ಟೆಯ ಸೂಕ್ಷ್ಮಜೀವಿಗಳು ಕಾಳಿನ ಪಿಷ್ಟವನ್ನು ಹುಳಿಯಾಗಿ ಮಾರ್ಪಡಿಸಿ ದನ ಸಾಯಲೂಬಹುದು. ಅದಕ್ಕಾಗಿ ಅಲ್ಲಿ ಸುಮಾರು ಮೂರು ವಾರ ಹಂತಹಂತವಾಗಿ ಕಾಳು ಏರಿಸುತ್ತಾರೆ. ಆಮೇಲೆ ದಿನಕ್ಕೆ ಒಂದೂವರೆ ಕಿಲೋದಂತೆ ಮೈ ತುಂಬುತ್ತದೆ. ಐದಾರು ತಿಂಗಳಲ್ಲಿ ಆರುನೂರು ಕಿಲೋ ದಾಟಿ ಕಸಾಯಿಖಾನೆಯ ಲಾರಿ ಬರುತ್ತದೆ. ಆಗ ಅದರ ವಯಸ್ಸು ಒಂದೂವರೆ ವರ್ಷ, ಹೆಚ್ಚೆಂದರೆ ಎರಡು. ಕನ್ನಡದ ಲೆಕ್ಕದಲ್ಲಿ ಎರಡು ಹಲ್ಲು. ಇಲ್ಲಿನ ರೈತ ಹೋರಿಯನ್ನು ನೊಗಕ್ಕೆ ಪಳಗಿಸಲು ಕೈಹಾಕುವುದೇ ಹೆಚ್ಚುಕಡಿಮೆ ಆ ಪ್ರಾಯದಲ್ಲಿ. ಒಂದರ ಬದುಕು ಮುಗಿಯುವಲ್ಲಿ ಇನ್ನೊಂದರ ದುಡಿಮೆ ಶುರು.

ಕಡಸಿನ ಕಥೆ ಸ್ವಲ್ಪ ಬೇರೆ. ಅದೇ ದೊಡ್ಡಿಯಲ್ಲಿ ಕಡಸುಗಳೂ ಇರುತ್ತವೆ. ಅವು ಸ್ಟಿಯರ್‌ಗಳಷ್ಟು ವೇಗವಾಗಿ ಬೆಳೆಯುವುದಿಲ್ಲ, ಕಡಿಮೆ ತೂಕಕ್ಕೇ ಕೊಬ್ಬು ಕಟ್ಟುತ್ತವೆ. ಬೆದೆಗೆ ಬಂದಾಗ ಮೇವು ಬಿಟ್ಟು ಒಂದರ ಮೇಲೊಂದು ಹಾರುತ್ತವೆ. ಆದ್ದರಿಂದ ಅವುಗಳ ಬೆಲೆಯೂ ತುಸು ಕಡಿಮೆ. ಬೆದೆ ತಡೆಯುವ ಹಾರ್ಮೋನನ್ನು ಮೇವಿನಲ್ಲಿ ಬೆರೆಸುವ ಪದ್ಧತಿ 1968ರಿಂದ ಇದೆ. ಬೇಗ ಬೆಳೆಯಲೆಂದು ಕಿವಿಯ ಚರ್ಮದಡಿ ಹಾರ್ಮೋನಿನ ಗುಳಿಗೆ ಇಡುವುದೂ ಅಲ್ಲಿ ಸಾಮಾನ್ಯ. ಯುರೋಪಿನ ದೇಶಗಳು ಇದನ್ನು ಒಪ್ಪದೆ 1989ರಿಂದ ಅಂಥ ಮಾಂಸವನ್ನು ಒಳಗೆ ಬಿಟ್ಟಿಲ್ಲ. ಆ ಜಗಳ ವಿಶ್ವ ವ್ಯಾಪಾರ ಸಂಸ್ಥೆಯ ತನಕ ಹೋಯಿತು.

ಆದರೆ ಕಡಸಿನ ವಿಷಯದಲ್ಲಿ ಗಮನಿಸಬೇಕಾದ ಸಂಗತಿ ಹಾರ್ಮೋನಲ್ಲ. ಸ್ಟಿಯರ್‌ಗೆ ಒಂದೇ ದಾರಿ, ಕಡಸಿಗೆ ಎರಡು. ಪ್ರತಿ ವರ್ಷ ಸಾಕಣೆಗಾರ ತನ್ನ ಕಡಸುಗಳ ಮುಂದೆ ನಿಂತು ಯಾವುದನ್ನು ತಾಯಿಯಾಗಲು ಉಳಿಸಿಕೊಳ್ಳಬೇಕು, ಯಾವುದನ್ನು ದೊಡ್ಡಿಗೆ ಕಳಿಸಬೇಕು ಎಂದು ಆರಿಸಬೇಕು. ಬರ ಬಂದು ಹುಲ್ಲು ಒಣಗಿದರೆ, ಸಾಲದ ಕಂತು ಎದುರಿಗಿದ್ದರೆ, ಎಲ್ಲವೂ ದೊಡ್ಡಿಗೆ. ಆ ವರ್ಷ ಪೇಟೆಯಲ್ಲಿ ಮಾಂಸ ಹೇರಳ. ಕೆಲವು ವರ್ಷ ಕಳೆದು ಹಸುಗಳೇ ಇಲ್ಲ. ಮತ್ತೆ ಹಿಂಡು ಕಟ್ಟಬೇಕೆಂದರೆ ಕಡಸು ಉಳಿಸಿಕೊಳ್ಳಬೇಕು, ಆಗ ಮಾಂಸ ಇನ್ನೂ ಕಡಿಮೆ, ಬೆಲೆ ಇನ್ನೂ ಮೇಲೆ. ಇಂದು ಉಳಿಸಿದ ಕಡಸು ಗಬ್ಬವಾಗಿ, ಕರು ಹಾಕಿ, ಆ ಕರು ಬೆಳೆದು ತೂಕಕ್ಕೆ ಬರಲು ಮೂರು ವರ್ಷವಾದರೂ ಬೇಕು. 2025ರ ಜನವರಿಯ ಎಣಿಕೆಯಲ್ಲಿ ಅಮೆರಿಕದ ದನಗಳ ಸಂಖ್ಯೆ 8 ಕೋಟಿ 67 ಲಕ್ಷಕ್ಕೆ ಇಳಿದಿತ್ತು. 1951ರಿಂದ ಈಚೆಗೆ ಅಷ್ಟು ಕಡಿಮೆ ಆಗಿರಲಿಲ್ಲ. ಬರದ ವರ್ಷಗಳಲ್ಲಿ ಮಾರಿಹೋದ ಕಡಸುಗಳ ಲೆಕ್ಕ ಅದು.

ಈ ಸಾಕಣೆಗೂ ಭಾರತಕ್ಕೂ ನಂಟು ಬೆಳೆದದ್ದು ಒಂದು ಉಣ್ಣಿಯಿಂದ. 1865ರಲ್ಲಿ ಅಂತರ್ಯುದ್ಧ ಮುಗಿದಾಗ ಟೆಕ್ಸಸ್‌ನಲ್ಲಿ ಉದ್ದಕೊಂಬಿನ ದನಗಳು ಲಕ್ಷಗಟ್ಟಲೆ ಇದ್ದವು, ಕೊಳ್ಳುವವರಿರಲಿಲ್ಲ. ಉತ್ತರದ ಪಟ್ಟಣಗಳಲ್ಲಿ ಅವಕ್ಕೆ ಹತ್ತುಪಟ್ಟು ಬೆಲೆ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕಾನ್ಸಾಸ್‌ನ ಆ್ಯಬಿಲೀನ್ ಎಂಬ ಪುಟ್ಟ ಊರಿನ ರೈಲುಹಾದಿಯ ಬದಿಗೆ ದೊಡ್ಡಿ ಕಟ್ಟಿಸಿದ. ದನಗಳನ್ನು ನೂರಾರು ಮೈಲಿ ನಡೆಸಿಕೊಂಡು ಬಂದು ಅಲ್ಲಿ ರೈಲಿಗೆ ಹತ್ತಿಸಿದರು. ಸಿನಿಮಾಗಳಲ್ಲಿ ಕಾಣುವ ಕೌಬಾಯ್‌ಗಳ ಕಾಲ ಅದೇ. ಎರಡು ದಶಕವೂ ಪೂರ್ತಿ ಬಾಳಲಿಲ್ಲ. ಆ ದನಗಳು ಹಾದುಹೋದ ಕಡೆಯಲ್ಲೆಲ್ಲ ಊರ ದನಗಳು ಜ್ವರ ಬಂದು ಸಾಯುತ್ತಿದ್ದವು, ಟೆಕ್ಸಸ್‌ನವು ಮಾತ್ರ ಗಟ್ಟಿಮುಟ್ಟಾಗಿರುತ್ತಿದ್ದವು. ಜನ ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತರು. 1885ರಲ್ಲಿ ಕಾನ್ಸಾಸ್ ಬಾಗಿಲನ್ನೇ ಮುಚ್ಚಿತು.

ಜ್ವರವನ್ನು ಒಯ್ಯುವುದು ಉಣ್ಣಿ ಎಂದು ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಿಯನ್ನು ಕಂಡದ್ದು ಅದಾದ ನಾಲ್ಕು ವರ್ಷಕ್ಕೆ. ಹಾಗಾದರೆ ಉಣ್ಣಿಯನ್ನು ತಡೆದುಕೊಳ್ಳುವ ದನ ಎಲ್ಲಿದೆ? ಟೆಕ್ಸಸ್‌ನ ದನದ ದೊರೆ ಏಬಲ್ ಪಿಯರ್ಸ್ ಯುರೋಪು ಸುತ್ತಿ ಬಂದು, ಅದು ಭಾರತದ ಡುಬ್ಬದ ದನವೇ ಇರಬೇಕೆಂದು ನಂಬಿ, 1900ರಲ್ಲಿ ತೀರಿಕೊಂಡ. ಅವನ ಸೋದರಳಿಯ ಬಾರ್ಡನ್ ಭಾರತಕ್ಕೆ ಬಂದು ಹೋರಿಗಳನ್ನು ಕೊಂಡು 1906ರಲ್ಲಿ ಹಡಗೇರಿಸಿದ. ನ್ಯೂಯಾರ್ಕಿನ ಬಂದರಿನಲ್ಲಿ ತಪಾಸಣೆಗೆ ತಡೆದಾಗ ಕೆಲವಕ್ಕೆ ಸರ್ರಾ ರೋಗ ತಗಲಿರುವುದು ಪತ್ತೆಯಾಗಿ ಅವನ್ನು ಕೊಂದರು. ಉಳಿದ ಮೂವತ್ತು ಚಿಲ್ಲರೆ ಟೆಕ್ಸಸ್ ಮುಟ್ಟಿದವು.

ಸಡಿಲವಾದ ತೆಳು ತೊಗಲು, ಇಳಿಬಿದ್ದ ಗಂಗೆದೊಗಲು, ಒತ್ತಾದ ನುಣುಪು ಕೂದಲು, ಚೆನ್ನಾಗಿ ಬೆವರುವ ಮೈ: ಬಿಸಿಲಿಗೆ ಬಳಲುವುದಿಲ್ಲ, ಉಣ್ಣಿ ಸುಲಭವಾಗಿ ಕಚ್ಚಿ ಕೂರುವುದಿಲ್ಲ, ಒಣಹುಲ್ಲಿನಲ್ಲೂ ಬದುಕು ಸಾಗಿಸುತ್ತದೆ. ಸಾವಿರಾರು ವರ್ಷ ಭಾರತದ ಬೇಸಗೆ ಆರಿಸಿ ಉಳಿಸಿದ ಗುಣಗಳು ಇವು. 1924ರಲ್ಲಿ ಸಾಕಣೆಗಾರರು ಸಂಘ ಕಟ್ಟಿಕೊಂಡಾಗ ಈ ಮಿಶ್ರತಳಿಗೆ ಒಂದು ಹೆಸರು ಬೇಕಾಯಿತು. ಸಂಘದ ಮೊದಲ ಕಾರ್ಯದರ್ಶಿ ಸಾರ್ಟ್‌ವೆಲ್ ಸೂಚಿಸಿದ ಹೆಸರು ‘ಬ್ರಾಹ್ಮನ್’! ಮಾಂಸಕ್ಕೆಂದೇ ಸಾಕುವ ದನಕ್ಕೆ ಈ ಹೆಸರಿಟ್ಟದ್ದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಗುಜರಾತಿನ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಒಂಗೋಲ್, ಜೊತೆಗೆ ಕೃಷ್ಣಾ ಕಣಿವೆ ತಳಿ, ಇವು ನಾಲ್ಕು ಅದರ ಮೂಲವೆಂದು ಆ ಸಂಘವೇ ಹೇಳಿಕೊಳ್ಳುತ್ತದೆ. ಕಿಂಗ್ ರಾಂಚ್ ಎಂಬ ಭಾರಿ ಹಿಡುವಳಿಯವರು ಇದನ್ನು ಇಂಗ್ಲೆಂಡಿನ ಶಾರ್ಟ್‌ಹಾರ್ನ್ ಜೊತೆ ಬೆರೆಸಿ ಮಾಡಿದ ಸಾಂತಾ ಗರ್ಟ್ರೂಡಿಸ್ ತಳಿಗೆ 1940ರಲ್ಲಿ ಮಾನ್ಯತೆ ಸಿಕ್ಕಿತು.

ವಿಚಿತ್ರವೆಂದರೆ ಬಿಸಿಲನ್ನು ಗೆಲ್ಲುವ ಈ ರಕ್ತ ಮಾಂಸದ ಪೇಟೆಯಲ್ಲಿ ಅನುಮಾನಕ್ಕೆ ಗುರಿ. ಇದರ ಮಾಂಸ ತುಸು ಗಡಸು. ಅಮೆರಿಕದ ಹೆಸರುವಾಸಿ ಮಾಂಸದ ಮುದ್ರೆಯೊಂದು ಡುಬ್ಬ ಎರಡು ಅಂಗುಲಕ್ಕಿಂತ ಎತ್ತರವಿರುವ ದನವನ್ನು ಒಪ್ಪುವುದೇ ಇಲ್ಲ. ಹೀಗಾಗಿ ಸಾಕಣೆಗಾರನಿಗೆ ಹುಲ್ಲುಗಾವಲಿನಲ್ಲಿ ಡುಬ್ಬ ಬೇಕು, ಪೇಟೆಯಲ್ಲಿ ಬೇಡ.

ಬ್ರೆಜಿಲ್‌ನಲ್ಲಿ ಈ ಅಂಜಿಕೆಯಿಲ್ಲ. 1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಸಾಲ್ವಡಾರ್ ಬಂದರಿನಲ್ಲಿ ತಂಗಿದಾಗ ಅದರಲ್ಲಿದ್ದ ಒಂದು ಜೋಡಿ ಭಾರತೀಯ ದನ ಅಲ್ಲಿಯೇ ಮಾರಾಟವಾಯಿತಂತೆ. ಆಮೇಲೆ ತಂಡತಂಡವಾಗಿ ಬಂದವು. ಒಂಗೋಲ್ ಸೀಮೆ ಆಗ ನೆಲ್ಲೂರು ಜಿಲ್ಲೆಯಲ್ಲಿತ್ತಾದ್ದರಿಂದ ಬ್ರೆಜಿಲಿನವರಿಗೆ ಅದು ‘ನೆಲೋರೆ’. 1960ರ ದಶಕದ ಆರಂಭದಲ್ಲಿ ಹೋದ ಕರವಾಡಿ ಎಂಬ ಹೋರಿ, ಒಂಗೋಲ್ ಬಳಿಯ ಆ ಹಳ್ಳಿಯ ಹೆಸರನ್ನೇ ಹೊತ್ತುಕೊಂಡು, ಅಲ್ಲಿನ ಅಸಂಖ್ಯ ಹಿಂಡುಗಳ ಮೂಲಪುರುಷನಾಯಿತು. ಬ್ರೆಜಿಲಿನಲ್ಲಿ ಇಂದು 20 ಕೋಟಿಗೂ ಮಿಕ್ಕಿ ದನಗಳಿವೆ, ಜನರಿಗಿಂತ ಹೆಚ್ಚು. ಮಾಂಸದ ದನಗಳಲ್ಲಿ ಬಹುಪಾಲು ನೆಲೋರೆ. ವಿಯಾಟಿನಾ-19 ಎಂಬ ಅಲ್ಲಿನ ನೆಲೋರೆ ಹಸುವಿನ ಮೌಲ್ಯ 2023ರಲ್ಲಿ 40 ಲಕ್ಷ ಡಾಲರ್ ಮೀರಿ ದಾಖಲೆಯಾಯಿತು. ತೂಕ 1,101 ಕಿಲೋ. ಈ ವೈಭವಕ್ಕೆ ಅಮೆಜಾನಿನ ಕಾಡು ಕೊಟ್ಟ ಬೆಲೆ ದೊಡ್ಡದು. ಅಲ್ಲಿ ಕಡಿದ ಕಾಡಿನ ಹೆಚ್ಚಿನ ಪಾಲು ಹುಲ್ಲುಗಾವಲಾಗಿದೆ.

ಇನ್ನು ಕೃಷ್ಣಾ ಕಣಿವೆಯ ತಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗೀರ್, ಒಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಬಗೆಯ ದನಗಳನ್ನು ಕೂಡಿಸಿ ಬೆಳೆಸಿದ್ದು ಇದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಎರೆಭೂಮಿ ಮಳೆಗೆ ಅಂಟಾಗಿ, ಬಿಸಿಲಿಗೆ ಕಲ್ಲಾಗುವಂಥದ್ದು. ಹಗುರ ಮೈಯ ಹಳ್ಳಿಕಾರ್ ಓಟಕ್ಕೆ ಸೈ, ಆ ಮಣ್ಣಿನಲ್ಲಿ ಭಾರದ ನೇಗಿಲು ಎಳೆಯಲು ದೊಡ್ಡ ಮೈ ಬೇಕಿತ್ತು. ಆ ದೊಡ್ಡ ಮೈಯನ್ನೇ ಕಡಲಾಚೆಯವರು ಮಾಂಸವಾಗಿ ಕಂಡರು. ಟ್ರ್ಯಾಕ್ಟರ್ ಬಂದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅದಕ್ಕೆ ಕೆಲಸ ತಪ್ಪಿತು. ತಳಿ ಅಳಿವಿನ ಅಂಚಿಗೆ ಸರಿಯಿತು.

ಇದು ಒಂದು ತಳಿಯ ಪಾಡಷ್ಟೇ ಅಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಅದಕ್ಕೆ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಹಸು-ಕಡಸುಗಳು ನೂರಕ್ಕೆ 18ರಷ್ಟು ಹೆಚ್ಚಿದವು, ಹೋರಿ-ಎತ್ತುಗಳು ನೂರಕ್ಕೆ 30ರಷ್ಟು ಕಡಿಮೆಯಾದವು. ಹುಟ್ಟುವ ಕರುಗಳಲ್ಲಿ ಅರ್ಧ ಇಂದಿಗೂ ಹೋರಿಯೇ. ಅವು ಎಲ್ಲಿ ಹೋದವು ಎಂಬುದು ಗಣತಿಯ ಕೋಷ್ಟಕದಲ್ಲಿ ಇಲ್ಲ.

ಉತ್ತರ ಕರ್ನಾಟಕದ ಊರುಗಳಲ್ಲಿ ಕಾರಹುಣ್ಣಿಮೆಗೆ ಕರಿ ಹರಿಯಲು ಜೋಡಿ ಎತ್ತು ಹುಡುಕುವ ಕಾಲ ಬಂದಿದೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆ ದಿನ ಹಟ್ಟಿಯಲ್ಲಿ ದನವೇ ಇಲ್ಲದ ಮನೆಗೂ ಕುಂಬಾರರ ಕೈಯಿಂದ ಜೋಡಿ ಎತ್ತು ಬರುತ್ತವೆ, ಮುಂದೆ ಪುಟ್ಟ ಮಣ್ಣಿನ ಗೋದಲಿ ಸಮೇತ.