ಕೊಳ್ಳುವುದೂ ಮಾಯ್, ಮಾರುವುದೂ ಮಾಯ್

"ಚೀನೀ ಭಾಷೆ ಯಾಕೆ ಬೇಕಿತ್ತಮ್ಮ ನಿನಗೆ?" ಎಂದು ನಮ್ಮ ವೇದಿಕೆಯ ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು. ನಮ್ಮ ಕಂಪನಿಯ ಸಾಧನಗಳಿಗೆ ಸರ್ಕ್ಯೂಟ್ ಬೋರ್ಡುಗಳು ಬರುವುದು ಶೆನ್‌ಝೆನ್‌ನಿಂದ. ಜೊತೆಗೆ ಬರುವ ಕಾಗದಗಳು ಬಹುಪಾಲು ಚೀನೀ ಲಿಪಿಯಲ್ಲಿ. ಹೆರಿಗೆ ರಜೆ ಮುಗಿಸಿ ಮರಳಿದಾಗ ತಂಡದಲ್ಲಿ ನನ್ನ ಜಾಗ ಕಿರಿದಾಗಿತ್ತು. ಬೇರೆಯವರಿಗೆ ಬಾರದ ಒಂದು ವಿದ್ಯೆ ನನಗೆ ಬರಲಿ ಎಂಬ ಹಟ ಹುಟ್ಟಿತು.

ತರಗತಿಗೆ ಹೋಗಲು ಸಮಯವಿರಲಿಲ್ಲ. ಫೋನಿನಲ್ಲಿ ಎರಡು ಆ್ಯಪ್ ಹಾಕಿಕೊಂಡೆ: ಪ್ಲೆಕೊ ಎಂಬ ನಿಘಂಟು, ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್. ಕನ್ನಡ ಪದವನ್ನು ಓದಲು ಬಂದರೆ ನಿಘಂಟಿನಲ್ಲಿ ಹುಡುಕಬಹುದು. ಚೀನೀ ಅಕ್ಷರದ ಉಚ್ಚಾರವೇ ಗೊತ್ತಿಲ್ಲದಾಗ ಹುಡುಕುವುದು ಹೇಗೆ? ಪ್ಲೆಕೊದಲ್ಲಿ ಬೆರಳಿನಿಂದ ಗೀಚಿದರೆ ಸಾಕು. ಅಕ್ಷರವನ್ನು ಬಿಡಿಸಿಯೂ ತೋರಿಸುತ್ತದೆ: ನದಿ, ಸರೋವರ, ಸಮುದ್ರ, ತೊಳೆ, ಈ ನಾಲ್ಕರ ಎಡಬದಿಯಲ್ಲೂ ನೀರಿನ ಮೂರು ಹನಿಗಳಿವೆ. ಇದನ್ನು ಕಂಡ ದಿನ ನನಗೆ ನಿದ್ದೆಯೇ ಬರಲಿಲ್ಲ.

ಆಂಕಿಯಲ್ಲಿ ನೆನಪಿದ್ದ ಕಾರ್ಡು ಕೆಲವು ದಿನ, ಆಮೇಲೆ ವಾರ, ತಿಂಗಳು ಎಂದು ದೂರ ಸರಿಯುತ್ತದೆ. ಮರೆತದ್ದು ಬೇಗನೆ ಮತ್ತೆ ಎದುರು ನಿಲ್ಲುತ್ತದೆ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಇಪ್ಪತ್ತು ಕಾರ್ಡು ಮುಗಿಸುತ್ತಿದ್ದೆ. ಯಾರೋ ಮಾಡಿಟ್ಟ ಕಾರ್ಡುಗಳನ್ನು ಇಳಿಸಿಕೊಂಡು, ಎಂಟು ತಿಂಗಳಲ್ಲಿ ಹಳೆಯ ಎಚ್‌ಎಸ್‌ಕೆ ಪರೀಕ್ಷೆಯ ಮೂರನೇ ಹಂತದ 600 ಪದ ಕಲಿತೆ. ಬೀಗಿದೆ ಕೂಡ.

ಆಮೇಲೆ ಆ ಕಾಲ್ ಬಂತು. ಹಳೆಯ ಚಿಪ್ಪನ್ನು ನಾವಿನ್ನು ಕೊಳ್ಳುವುದಿಲ್ಲ ಎನ್ನಬೇಕಿತ್ತು. ನಾನು ಮಾರುವುದಿಲ್ಲ ಎಂದೆ. ಆ ಕಡೆ ಮೌನ. ಬಳಿಕ ಅಲ್ಲಿನ ಎಂಜಿನಿಯರ್ ಇಂಗ್ಲಿಷಿಗೆ ತಿರುಗಿದರು. ಮುಂದಿನ ಕಾಲ್‌ನಲ್ಲಿ ನನ್ನನ್ನು ಮಾತಾಡು ಎಂದು ಯಾರೂ ಹೇಳಲಿಲ್ಲ.

ಕೊಳ್ಳುವುದೂ ಮಾಯ್, ಮಾರುವುದೂ ಮಾಯ್. ಮೊದಲನೆಯದಕ್ಕೆ ದನಿ ಇಳಿದು ಏರಬೇಕು, ಎರಡನೆಯದಕ್ಕೆ ಥಟ್ಟನೆ ಬೀಳಬೇಕು. ನಮ್ಮ "ಹೂಂ" ನೋಡಿ: ಎಳೆದರೆ ಕತೆ ಕೇಳುತ್ತಿದ್ದೇನೆ ಎಂದು, ಏರಿಸಿದರೆ ಏನೆಂದೆ ಎಂದು, ತುಂಡು ಮಾಡಿದರೆ ಸಾಕು ಬಿಡು ಎಂದು. ಅವರಲ್ಲಿ ಮಾತೆಲ್ಲ ಹೀಗೆಯೇ. ಬರಹದಲ್ಲಿ ನನಗೆ ಗೊಂದಲವಿರಲಿಲ್ಲ. ಮಾರುವ ಮಾಯ್ ತಲೆಯ ಮೇಲೆ ಹತ್ತರ ಗುರುತಿದೆ, ಕಣ್ಣಿಗೆ ಅಷ್ಟು ಸಾಕು. ಕಾರ್ಡು ಕೇಳುತ್ತಿದ್ದದ್ದೂ ಕಣ್ಣನ್ನೇ, ಬಾಯನ್ನಲ್ಲ. ಪುಣೆಗೆ ಬಂದ ಹೊಸದರಲ್ಲಿ ನಾನು ಮರಾಠಿ ಕಲಿತದ್ದು ತರಕಾರಿಯವರ ಹತ್ತಿರ ತಪ್ಪು ಮಾತಾಡಿ, ನಗಿಸಿಕೊಂಡು. ಅದನ್ನು ಹೇಗೆ ಮರೆತೆನೋ!

ಇಳಿಸಿಕೊಂಡ ಕಾರ್ಡುಗಳನ್ನೆಲ್ಲ ಅಳಿಸಿದೆ. ಎದೆ ಧಸಕ್ಕೆಂದಿತು, ನಿಜ. ಈಗ ಕೆಲಸದಲ್ಲಿ ಎದುರಾದ ಪದವನ್ನು ಪ್ಲೆಕೊದಲ್ಲಿ ಹುಡುಕಿ, ಒಂದು ವಾಕ್ಯದೊಳಗಿಟ್ಟು ನಾನೇ ಕಾರ್ಡು ಮಾಡುತ್ತೇನೆ. ದಿನಕ್ಕೆ ಐದೇ. ಮೊದಲು ದನಿ ಕೇಳುವುದು, ಗಟ್ಟಿಯಾಗಿ ಹೇಳುವುದು, ಆಮೇಲಷ್ಟೇ ಅಕ್ಷರ ನೋಡುವುದು. ಗೌರಿ ಗಣೇಶ ಹಬ್ಬಕ್ಕೆ ಊರಿಗೆ ಹೋಗಿ ಬಂದರೆ ಬಾಕಿ ಕಾರ್ಡು ಮುನ್ನೂರು ದಾಟಿರುತ್ತದೆ. ಮೊದಲೆಲ್ಲ ರಾತ್ರಿ ಕೂತು ತೀರಿಸುತ್ತಿದ್ದೆ. ಈಗ ದಿನಕ್ಕೆ ಐವತ್ತರ ಮಿತಿ ಹಾಕಿದ್ದೇನೆ. ಪಕ್ಕದಲ್ಲಿ ಆಡುವ ಮಗಳು ನನಗಿಂತ ಚೆನ್ನಾಗಿ "ಮಾಯ್" ಎನ್ನುತ್ತಾಳೆ.

ಕಳೆದ ತಿಂಗಳು ಮತ್ತೆ ಬಾಯಿ ತೆರೆದೆ. ಕೊಳ್ಳುತ್ತೇವೆ ಎಂದೆ. ಆ ಎಂಜಿನಿಯರ್ ಇಂಗ್ಲಿಷಿಗೆ ತಿರುಗಲಿಲ್ಲ, ಚೀನೀ ಭಾಷೆಯಲ್ಲೇ ಸಂಖ್ಯೆ ಹೇಳಿದರು. ನಾವು ಲಕ್ಷದಲ್ಲಿ ಎಣಿಸಿದರೆ ಅವರು ಹತ್ತು ಸಾವಿರಕ್ಕೆ "ವಾನ್" ಎಂದು ಎಣಿಸುತ್ತಾರೆ. ಎರಡು ಸಲ ಹೇಳಿಸಿಕೊಂಡು, ಹಾಳೆಯಲ್ಲಿ ಸೊನ್ನೆ ಬರೆದುಕೊಂಡೆ. ಅವತ್ತಿನ ಐದು ಕಾರ್ಡುಗಳೂ ಸಂಖ್ಯೆಗಳೇ.