ಕಾರಿನ ಗಡಿಯಾರ ನಿಂತರೆ

ಇವತ್ತು ನಾವು ಒಂದು ಸಣ್ಣ ವಸ್ತುವಿನ ಬಗ್ಗೆ ಮಾತಾಡೋಣ. ಅದು ಹಳೇ ಕಾರಿನ ಗಡಿಯಾರ.

“ಕಾರೇ ಇಲ್ಲದ ನಮಗೆ ಅದರ ಗಡಿಯಾರ ಯಾಕೆ ಮೇಷ್ಟ್ರೇ?” ಅಂತ ನೀವು ಕೇಳಬಹುದು. ಕಾರು ನಮ್ಮದಲ್ಲ, ನಿಜ. ಆದರೆ ರಿಪೇರಿ ಮಾಡುವ ಕೈ ನಮ್ಮವರದು. ನಮ್ಮ ಎಷ್ಟೋ ಹುಡುಗರು ಗ್ಯಾರೇಜಿನಲ್ಲಿ ದುಡಿಯುತ್ತಾರೆ. ಆ ಕೈಗೆ ಕೆಲಸ ಗೊತ್ತಿರಬೇಕು. ಅಪಾಯವೂ ಗೊತ್ತಿರಬೇಕು.

ಜನರಲ್ ಮೋಟಾರ್ಸ್ ಎಂಬ ಅಮೆರಿಕದ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಲು ಶುರು ಮಾಡಿತು. ಶೆವರ್ಲೆ ಕಾರುಗಳು ಅಲ್ಲಿಂದ ಬಂದವು. 1954ರಲ್ಲಿ ಆ ಕೆಲಸ ನಿಂತಿತು. ಅಂಥ ಹಳೇ ಕಾರುಗಳನ್ನು ಕೆಲವರು ಇಂದಿಗೂ ಜೋಪಾನ ಮಾಡಿದ್ದಾರೆ. ಧರ್ಮಸ್ಥಳದಲ್ಲಿ ಹಳೇ ಕಾರುಗಳ ಸಂಗ್ರಹಾಲಯವೇ ಇದೆ. ಯಾತ್ರೆಗೆ ಹೋದವರು ನೋಡಿರಬಹುದು.

ಡ್ರೈವರ್ ಎದುರಿಗೆ ಇರುವ ಹಲಗೆಗೆ ಡ್ಯಾಶ್‌ಬೋರ್ಡ್ ಅಂತಾರೆ. ಗಡಿಯಾರ ಅಲ್ಲಿ ಕೂತಿರುತ್ತದೆ. ಕಾರು ಓಡುತ್ತದೆ, ದೀಪ ಉರಿಯುತ್ತದೆ, ಗಡಿಯಾರ ಮಾತ್ರ ನಿಂತಿರುತ್ತದೆ. “ಇದು ಸತ್ತುಹೋಯ್ತು, ಕಿತ್ತು ಬಿಸಾಕಿ” ಅಂತಾರೆ. ಬಹಳ ಸಲ ಅದು ಸತ್ತಿರುವುದಿಲ್ಲ.

ಅದು ಓಡುವ ಬಗೆ ನೋಡೋಣ. ಮೊದಮೊದಲು ಕಾರಿನ ಗಡಿಯಾರಕ್ಕೆ ಕೈಯಿಂದ ಕೀಲಿ ಕೊಡುತ್ತಿದ್ದರು. ಕೆಲವು ಗಡಿಯಾರ ಒಂದು ಸಲ ಕೀಲಿ ಕೊಟ್ಟರೆ 8 ದಿನ ಓಡುತ್ತಿದ್ದವು. ಆಮೇಲೆ ಬ್ಯಾಟರಿಯಿಂದ ಓಡುವ ಗಡಿಯಾರ ಬಂತು. ಅದರ ಒಳಗೂ ಸ್ಪ್ರಿಂಗ್ ಇದೆ. ಆದರೆ ಆ ಸ್ಪ್ರಿಂಗಿನ ಬಲ ಒಂದೆರಡು ನಿಮಿಷಕ್ಕೆ ಮಾತ್ರ ಸಾಕು. ಸ್ಪ್ರಿಂಗ್ ಸಡಿಲವಾದಾಗ ಎರಡು ಪುಟ್ಟ ಲೋಹದ ಚುಕ್ಕೆಗಳು ಒಂದಕ್ಕೊಂದು ತಾಗುತ್ತವೆ. ಇವಕ್ಕೆ ಪಾಯಿಂಟ್ ಅಂತ ಹೆಸರು. ತಾಗಿದ ಕೂಡಲೇ ತಂತಿಯ ಸುರುಳಿಗೆ ಕರೆಂಟು ಹರಿಯುತ್ತದೆ. ಸುರುಳಿ ಅಯಸ್ಕಾಂತ ಆಗುತ್ತದೆ. ‘ಟಕ್’ ಅಂತ ಒಂದು ಏಟು! ಸ್ಪ್ರಿಂಗ್ ಮತ್ತೆ ಬಿಗಿಯಾಯಿತು. ಪಾಯಿಂಟುಗಳು ದೂರ ಸರಿದವು. ಕರೆಂಟು ನಿಂತಿತು. ಮನೆಯಲ್ಲಿ ಅಜ್ಜ ಕೀಲಿ ಕೊಡುತ್ತಿದ್ದರಲ್ಲ, ಆ ಕೆಲಸವನ್ನು ಇಲ್ಲಿ ಅಯಸ್ಕಾಂತ ಮಾಡುತ್ತದೆ. ಹಗಲೂ ರಾತ್ರಿ ಮಾಡುತ್ತದೆ.

ಈ ಗಡಿಯಾರದ ಸದ್ದಿಗೆ ಒಂದು ಕಥೆ ಇದೆ. 1950ರ ದಶಕದ ಕೊನೆಯಲ್ಲಿ ಡೇವಿಡ್ ಒಗಿಲ್ವಿ ಎಂಬುವರು ರೋಲ್ಸ್ ರಾಯ್ಸ್ ಕಾರಿಗೆ ಜಾಹೀರಾತು ಬರೆದರು. ಕಾರು ಗಂಟೆಗೆ 60 ಮೈಲಿ ಓಡುವಾಗಲೂ ಒಳಗೆ ಕೇಳುವ ದೊಡ್ಡ ಸದ್ದು ಗಡಿಯಾರದ್ದೇ ಎಂಬ ಅರ್ಥದಲ್ಲಿ ಬರೆದರು. ಆ ಜಾಹೀರಾತು ದೇಶ ದೇಶಗಳಲ್ಲಿ ಹೆಸರಾಯಿತು.

ಹಾಗಾದರೆ ಗಡಿಯಾರ ನಿಲ್ಲುವುದು ಯಾಕೆ? ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ. ಗಡಿಯಾರ ಚೂರುಚೂರೇ ಕರೆಂಟು ಕುಡಿಯುತ್ತಾ ಇರುತ್ತದೆ. ಬ್ಯಾಟರಿ ಸೊರಗುತ್ತದೆ. ಒಂದು ದಿನ ಅಯಸ್ಕಾಂತಕ್ಕೆ ಏಟು ಹಾಕುವ ಶಕ್ತಿ ಸಾಲುವುದಿಲ್ಲ. ಪಾಯಿಂಟುಗಳು ತಾಗಿದ್ದು ತಾಗಿದಂತೆಯೇ ಉಳಿಯುತ್ತವೆ. ಕರೆಂಟು ಹರಿಯುತ್ತಲೇ ಇರುತ್ತದೆ. ಪಾಯಿಂಟು ಕಪ್ಪಾಗುತ್ತದೆ. ಕೆಲವೊಮ್ಮೆ ಸುರುಳಿಯೇ ಸುಟ್ಟುಹೋಗುತ್ತದೆ. ನೋಡಿ, ಬೈಗುಳ ಗಡಿಯಾರಕ್ಕೆ, ತಪ್ಪು ಸೊರಗಿದ ಬ್ಯಾಟರಿಯದು!

ಈಗ ರಿಪೇರಿಗೆ ಬರೋಣ. ಮುಟ್ಟುವ ಮೊದಲು ಮೂರು ಸಂಗತಿ ನೋಡಬೇಕು.

ಮೊದಲನೆಯದು ಬ್ಯಾಟರಿ. ಕಾರಿನ ಕೀ ತೆಗೆದರೂ ಗಡಿಯಾರದ ವೈರಿನಲ್ಲಿ ಕರೆಂಟು ಇರುತ್ತದೆ. ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಬೆಂಕಿಯೂ ಹತ್ತಬಹುದು. ಆದ್ದರಿಂದ ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ವೈರನ್ನು ಮೊದಲು ಬಿಚ್ಚಿ. ಬಹಳ ಕಾರುಗಳಲ್ಲಿ ಅದು ಮೈನಸ್. ಇಂಗ್ಲೆಂಡಿನ ಹಲವು ಹಳೇ ಕಾರುಗಳಲ್ಲಿ ಅದು ಪ್ಲಸ್. ವೈರಿನ ಬಣ್ಣ ನಂಬಬೇಡಿ. ಬ್ಯಾಟರಿ ಮೇಲಿನ ಗುರುತು ಓದಿ.

ಎರಡನೆಯದು ವೋಲ್ಟ್. 1954ರ ಶೆವರ್ಲೆ ಕಾರಿಗೆ 6 ವೋಲ್ಟ್ ಬ್ಯಾಟರಿ. 1955ರ ಶೆವರ್ಲೆಗೆ 12 ವೋಲ್ಟ್. ಒಂದೇ ವರ್ಷದ ಅಂತರ, ಕರೆಂಟಿನ ಒತ್ತಡ ಎರಡರಷ್ಟು. 6 ವೋಲ್ಟಿನ ಗಡಿಯಾರಕ್ಕೆ 12 ವೋಲ್ಟ್ ಕೊಟ್ಟರೆ ಅದು ಸುಡುತ್ತದೆ. ಗಡಿಯಾರದ ಬೆನ್ನು ತಿರುಗಿಸಿ, ಅಂಕಿ ಓದಿ. ಬ್ಯಾಟರಿಯ ಮುಚ್ಚಳಗಳನ್ನೂ ಎಣಿಸಿ. ಒಂದೊಂದು ಮನೆಗೆ 2 ವೋಲ್ಟ್. 3 ಮನೆ ಇದ್ದರೆ 6, 6 ಮನೆ ಇದ್ದರೆ 12. ಮಗ್ಗಿ ಬಂದವರಿಗೆ ಈ ಲೆಕ್ಕ ಸುಲಭ.

ಮೂರನೆಯದು ಬಹಳ ಮುಖ್ಯ. ಗಡಿಯಾರದ ಮುಖ ನೋಡಿ. ಹಿಂದಿನ ಕಾಲದಲ್ಲಿ ಕತ್ತಲಲ್ಲಿ ಕಾಣಲಿ ಅಂತ ಕೆಲವು ಗಡಿಯಾರಗಳ ಮುಳ್ಳಿಗೂ ಅಂಕಿಗೂ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ನಾವು ಇವತ್ತು ಗಾಡಿಗೆ ಅಂಟಿಸುವ ‘ರೇಡಿಯಂ ಸ್ಟಿಕ್ಕರ್’ನಲ್ಲಿ ರೇಡಿಯಂ ಇಲ್ಲ, ಹೆಸರು ಮಾತ್ರ. ಅದು ನಿಜವಾದ ರೇಡಿಯಂ. ಅದರಿಂದ ಕಣ್ಣಿಗೆ ಕಾಣದ ಕಿರಣ ಬರುತ್ತದೆ. ಪುಡಿ ಮೈಯೊಳಗೆ ಹೋದರೆ ಮೂಳೆಯಲ್ಲಿ ಕೂರುತ್ತದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಹೆಣ್ಣುಮಕ್ಕಳು ಕಾರ್ಖಾನೆಯಲ್ಲಿ ಕೂತು ಈ ಬಣ್ಣ ಹಚ್ಚುತ್ತಿದ್ದರು. ಕುಂಚದ ತುದಿ ಚೂಪಾಗಲಿ ಅಂತ ತುಟಿಯಲ್ಲಿ ಹಿಡಿಯುತ್ತಿದ್ದರು. ಏನೂ ಆಗೋದಿಲ್ಲ ಅಂತಲೇ ಅವರಿಗೆ ಹೇಳಿದ್ದರು. ಅವರ ಹಲ್ಲು ಉದುರಿದವು. ದವಡೆ ಕೊಳೆಯಿತು. ಎಷ್ಟೋ ಜನ ಸತ್ತರು. 1927ರಲ್ಲಿ ಗ್ರೇಸ್ ಫ್ರೈಯರ್ ಮತ್ತು ಇನ್ನೂ ನಾಲ್ವರು ಹೆಂಗಸರು ಕೋರ್ಟಿಗೆ ಹೋದರು. 1928ರಲ್ಲಿ ಕಂಪನಿ ರಾಜಿಗೆ ಬಂದು ಪರಿಹಾರ ಕೊಟ್ಟಿತು. ದುಡಿಯುವವರಿಗೆ ಅಪಾಯ ತಿಳಿಸಬೇಕು ಎಂಬ ಪಾಠವನ್ನು ಆ ಅಕ್ಕಂದಿರು ಜಗತ್ತಿಗೆ ಕಲಿಸಿದರು.

ಹಳೇ ಬಣ್ಣ ಈಗ ಹೊಳೆಯದೆ ಇರಬಹುದು. ಹೊಳಪು ಹೋದರೂ ರೇಡಿಯಂ ಹೋಗಿರುವುದಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಕಿಯ ಮೇಲೆ ಹಳದಿ ಅಥವಾ ಕಂದು ಬಣ್ಣದ ದಪ್ಪ ಲೇಪ ಕಂಡರೆ ಗಡಿಯಾರ ಬಿಚ್ಚಲೇಬೇಡಿ. ಕೆರೆಯಬೇಡಿ, ಊದಬೇಡಿ. ಕೈ ತೊಳೆದುಕೊಳ್ಳಿ. ಯಜಮಾನರಿಗೆ ವಿಷಯ ತಿಳಿಸಿ. ಕೂಲಿ ಹೋದರೆ ಹೋಗಲಿ, ಜೀವ ಮುಖ್ಯ.

ಈ ಮೂರೂ ನೋಡಿ ಆಯಿತು, ರೇಡಿಯಂ ಇಲ್ಲ ಅಂತ ತಿಳಿಯಿತು. ಆಗ ಗಡಿಯಾರ ಬಿಚ್ಚಬಹುದು. ಯಾವ ವೈರು ಎಲ್ಲಿತ್ತು ಅಂತ ಕಾಗದದಲ್ಲಿ ಬರೆದಿಡಿ. ತಿರುಪುಗಳನ್ನು ಒಂದು ಬಟ್ಟಲಿಗೆ ಹಾಕಿ. ಕಪ್ಪಾದ ಪಾಯಿಂಟನ್ನು ಸಣ್ಣ ಅರದಿಂದ ಹಗುರವಾಗಿ ಉಜ್ಜಿ. ಉಪ್ಪು ಕಾಗದ ಬೇಡ, ಅದರ ಮರಳು ಅಲ್ಲೇ ಉಳಿಯುತ್ತದೆ. ಕೆಲವು ಗಡಿಯಾರದಲ್ಲಿ ಬೆಸುಗೆಯ ಕೊಂಡಿ ಇರುತ್ತದೆ. ಬಿಸಿ ಜಾಸ್ತಿಯಾದರೆ ಅದು ಕರಗಿ ಬಿಟ್ಟುಕೊಂಡು ಸುರುಳಿಯನ್ನು ಉಳಿಸುತ್ತದೆ. ಅದನ್ನು ಮತ್ತೆ ಬೆಸೆಯಬೇಕು. ಅದರ ಜಾಗಕ್ಕೆ ತಂತಿ ಸುತ್ತಬೇಡಿ.

ಎಣ್ಣೆ ಒಣಗಿ ಅಂಟಾಗಿದ್ದರೆ ಗಡಿಯಾರ ರಿಪೇರಿಯವರಿಂದ ತೊಳೆಸಿ. ಆಮೇಲೆ ಗಡಿಯಾರದ ಎಣ್ಣೆಯನ್ನೇ ಸೂಜಿ ಮೊನೆಯಷ್ಟು ಹಾಕಿ. ಕೊಬ್ಬರಿ ಎಣ್ಣೆ ಬೇಡ, ಇಂಜಿನ್ ಆಯಿಲ್ ಬೇಡ. ಪಾಯಿಂಟಿಗೆ ಎಣ್ಣೆ ತಾಗಲೇಬಾರದು.

ಕಡೆಗೆ, ಸರಿಯಾದ ವೋಲ್ಟಿನ ತುಂಬಿದ ಬ್ಯಾಟರಿಗೆ ಸಣ್ಣ ಫ್ಯೂಸ್ ಹಾಕಿ ಜೋಡಿಸಿ. ‘ಟಕ್’ ಅನ್ನಬೇಕು. ಒಂದೆರಡು ನಿಮಿಷಕ್ಕೆ ಮತ್ತೆ ‘ಟಕ್’. ಸದ್ದು ಬಾರದೆ ಬಿಸಿಯಾದರೆ ತಕ್ಷಣ ವೈರ್ ಬಿಡಿಸಿ. ಒಂದು ದಿನ ಮೇಜಿನ ಮೇಲೆ ಓಡಿಸಿ ನೋಡಿ, ಆಮೇಲೆ ಕಾರಿಗೆ ಕೂರಿಸಿ.

ಯಜಮಾನರಿಗೆ ಒಂದು ಮಾತು ಹೇಳುವುದನ್ನು ಮರೆಯಬೇಡಿ: “ಸ್ವಾಮಿ, ಕಾರು ಬಹಳ ದಿನ ನಿಲ್ಲಿಸೋದಾದರೆ ಬ್ಯಾಟರಿ ವೈರ್ ಬಿಚ್ಚಿಡಿ.” ಅಷ್ಟು ಮಾಡಿದರೆ ಗಡಿಯಾರ ಬಹಳ ಕಾಲ ಬಾಳುತ್ತದೆ.

ಮೊದಲು ನೋಡಿ, ಓದಿ. ಆಮೇಲೆ ಮುಟ್ಟಿ. ಗ್ಯಾರೇಜಿನಲ್ಲಿರುವ ನಿಮ್ಮ ಮಕ್ಕಳಿಗೆ ಇವತ್ತೇ ಈ ಮಾತು ಓದಿ ಹೇಳಿ.