ಅರ್ಹತೆ ಇಲ್ಲ ಎಂದವರಿಗೆ ಕೊಟ್ಟ ಉತ್ತರ

(ಕಾರ್ಮಿಕರ ಓದುಕೂಟದಲ್ಲಿ ಮಾಡಿದ ಭಾಷಣ)

ಗಿರಣಿಯ ಪಾಳಿ ಮುಗಿಸಿ, ಅಂಗಡಿಗೆ ಬೀಗ ಹಾಕಿ ಬಂದಿದ್ದೀರಿ. ಪೋಲೆಂಡ್ ದೇಶದ ಹೆಣ್ಣುಮಕ್ಕಳ ಶಾಲೆಯೊಂದರ ಕಥೆ ನಮಗೇಕೆ ಎಂದು ಕೇಳಬಹುದು. ಮೊದಲು ಕಥೆ ಕೇಳಿ, ಆಮೇಲೆ ನೀವೇ ಹೇಳಿ.

ರಷ್ಯಾ, ಪ್ರಷ್ಯಾ, ಆಸ್ಟ್ರಿಯಾದ ದೊರೆಗಳು 1772, 1793, 1795ರಲ್ಲಿ, ಮೂರು ಕಂತಿನಲ್ಲಿ, ಪೋಲೆಂಡನ್ನು ಹರಿದು ಹಂಚಿಕೊಂಡರು. 1918ರವರೆಗೆ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ರಷ್ಯಾದ ಪಾಲಿಗೆ ಬಿದ್ದ ವಾರ್ಸಾದಲ್ಲಿ ಮಕ್ಕಳು ತಮ್ಮ ನಾಡಿನ ಚರಿತ್ರೆಯನ್ನು ಕದ್ದುಮುಚ್ಚಿ ಕಲಿಯಬೇಕಾಗಿತ್ತು. ಮುಂದೆ ಮೇರಿ ಕ್ಯೂರಿ ಎಂದು ಜಗತ್ತಿಗೆ ಹೆಸರಾದ ಹುಡುಗಿಯೂ ಹಾಗೆಯೇ ಕಲಿತವಳು.

ಆಸ್ಟ್ರಿಯಾದ ಪಾಲಿಗೆ ಬಿದ್ದ ಕ್ರಾಕೊವ್ ನಗರದಲ್ಲಿ ಸ್ಥಿತಿ ಬೇರೆ. ಅಲ್ಲಿ 1364ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವಿತ್ತು. ಕಲಿಸುವವರು ಪೋಲಿಷರು, ಕಲಿಸುವ ಭಾಷೆಯೂ ಪೋಲಿಷ್. ಆದರೂ ಹೆಣ್ಣಿಗೆ ಒಳಗೆ ಜಾಗವಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ನವೋಯ್ಕಾ ಎಂಬ ಹುಡುಗಿ ಗಂಡುವೇಷ ಹಾಕಿಕೊಂಡು ಅಲ್ಲಿ ಓದಿದಳು, ಕೊನೆಗೆ ಸಿಕ್ಕಿಬಿದ್ದಳು ಎಂಬ ದಂತಕಥೆ ಆ ಊರಿನಲ್ಲಿದೆ. ಪರದೇಶದ ದೊರೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ನಮ್ಮವರೇ ನಮ್ಮವರಿಗೆ ಹಾಕುವ ಬೀಗವೂ ಒಂದಿರುತ್ತದೆ.

ಆ ಬೀಗ ಯಾವುದು? ವಿಶ್ವವಿದ್ಯಾನಿಲಯ ಸೇರಲು ಮತುರಾ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಪರೀಕ್ಷೆಗೆ ಓದಿಸುವ ಪ್ರೌಢಶಾಲೆಗೆ ಜಿಮ್ನಾಸಿಯಂ ಎಂದು ಹೆಸರು. ಗರಡಿಮನೆ ಎಂದು ತಿಳಿಯಬೇಡಿ. ಲ್ಯಾಟಿನ್, ಗ್ರೀಕ್, ಗಣಿತ ಕಲಿಸುವ ಈ ಶಾಲೆಗಳು ಗಂಡುಹುಡುಗರಿಗೆ ಮಾತ್ರ. ಹುಡುಗಿಯರ ಶಾಲೆಗಳು ಆ ಪರೀಕ್ಷೆಯವರೆಗೆ ಕೊಂಡೊಯ್ಯುತ್ತಿರಲಿಲ್ಲ. ಈಗ ಈ ನ್ಯಾಯ ನೋಡಿ: "ನಿನಗೆ ಅರ್ಹತೆಯಿಲ್ಲ, ಹೊರಗಿರು" ಎನ್ನುವುದು, ಅರ್ಹತೆ ಸಂಪಾದಿಸುತ್ತೇನೆ ಎಂದರೆ "ಅದಕ್ಕೆ ನಿನಗೆ ಶಾಲೆಯಿಲ್ಲ" ಎನ್ನುವುದು!

ಇದನ್ನು ಒಪ್ಪದವರಲ್ಲಿ ಮುಂದಾಳಾಗಿ ನಿಂತವರು ಕಝಿಮ್ಯೇರಾ ಬುಯ್ವಿದೋವಾ ಎಂಬ ಹೆಣ್ಣುಮಗಳು. ಗಂಡ ಓದೊ ಬುಯ್ವಿದ್ ಹೆಸರಾಂತ ಸೂಕ್ಷ್ಮಜೀವಿ ವಿಜ್ಞಾನಿ. ಹುಚ್ಚುನಾಯಿ ಕಡಿತಕ್ಕೆ ಪಾಶ್ಚರ್ ಕಂಡುಹಿಡಿದ ಲಸಿಕೆಯನ್ನು 1886ರಲ್ಲಿ ವಾರ್ಸಾಕ್ಕೆ ತಂದವರು. ಈಕೆಯೂ ಆ ಪ್ರಯೋಗಾಲಯದಲ್ಲಿ ಸರಿಸಮನಾಗಿ ದುಡಿದವರು. ಆದರೆ ಕಾಲೇಜಿನ ಓದು ಈಕೆಗೆ ದಕ್ಕಿರಲಿಲ್ಲ. ಕ್ರಾಕೊವ್‌ನಲ್ಲಿ ಹೆಂಗಸರ ವಾಚನಾಲಯ ನಡೆಸಿದರು, ವಿಶ್ವವಿದ್ಯಾನಿಲಯಕ್ಕೆ ಹೆಂಗಸರಿಂದ ಅರ್ಜಿಗಳನ್ನು ಹಾಕಿಸಿದರು. 1894ರಲ್ಲಿ ಮೂವರು ಹೆಂಗಸರಿಗೆ ಔಷಧಶಾಸ್ತ್ರದ ಪಾಠ ಕೇಳಲು ಅನುಮತಿ ಸಿಕ್ಕಿತು. ಕೇಳಲು ಮಾತ್ರ, ವಿದ್ಯಾರ್ಥಿಯೆಂಬ ಸ್ಥಾನವಿಲ್ಲ.

ವಿರೋಧವೂ ಸಣ್ಣದಲ್ಲ. ಲುದ್ವಿಕ್ ರಿದಿಗ್ಯೆರ್ 1880ರಲ್ಲೇ ಕ್ಯಾನ್ಸರ್ ರೋಗಿಯ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿ ಹೆಸರು ಪಡೆದಿದ್ದ ವೈದ್ಯ. ಅಂಥವನೇ 1895ರಲ್ಲಿ ಹೆಣ್ಣು ವೈದ್ಯಳಾಗಬಾರದೆಂದು ಲೇಖನ ಬರೆದ. ಕತ್ತಿ ಹಿಡಿಯುವ ಕೈ ಚುರುಕಾಗಿದ್ದರೆ ಸಾಲದು, ಕಣ್ಣಿನ ಪೊರೆಯೂ ಹೋಗಿರಬೇಕು.

ಅರ್ಜಿ ಹಾಕಿದವರು ಅಲ್ಲಿಗೇ ಸುಮ್ಮನಾಗಲಿಲ್ಲ. ಸಂಘ ಕಟ್ಟಿದರು, ಶರೀರಶಾಸ್ತ್ರದ ಪ್ರಾಧ್ಯಾಪಕ ನಪೋಲಿಯಾನ್ ತ್ಸಿಬುಲ್ಸ್ಕಿಯಂಥವರು ಜೊತೆಗೆ ನಿಂತರು. 1896ರ ಸೆಪ್ಟೆಂಬರಿನಲ್ಲಿ ಕ್ರಾಕೊವ್‌ನಲ್ಲಿ ಹುಡುಗಿಯರ ಜಿಮ್ನಾಸಿಯಂ ಬಾಗಿಲು ತೆರೆಯಿತು. ಪೋಲಿಷ್ ನೆಲದಲ್ಲಿ ಹೆಣ್ಣುಮಕ್ಕಳನ್ನು ಮತುರಾಕ್ಕೆ ಸಿದ್ಧಪಡಿಸಿದ ಮೊದಲ ಶಾಲೆ ಅದು. ಅಡುಗೆ, ಕಸೂತಿಗೆ ಒಂದಿಷ್ಟು ಓದು ಬೆರೆಸಿದ ಪಾಠವಲ್ಲ. ಗಂಡುಹುಡುಗರಿಗಿದ್ದ ಅದೇ ಲ್ಯಾಟಿನ್, ಅದೇ ಗ್ರೀಕ್. ರಿಯಾಯಿತಿ ಬೇಡ, ಅದೇ ತಕ್ಕಡಿಯಲ್ಲಿ ತೂಗಿ ಎಂಬುದು ಅವರ ಹಟ.

ಮರುವರ್ಷವೇ, 1897ರಲ್ಲಿ, ತತ್ತ್ವಶಾಸ್ತ್ರ ವಿಭಾಗ ಹೆಂಗಸರಿಗೆ ತೆರೆಯಿತು. 1900ರಲ್ಲಿ ವೈದ್ಯಕೀಯವೂ ತೆರೆಯಿತು. ಕಾನೂನು ವಿಭಾಗಕ್ಕೆ ಮಾತ್ರ ದೇಶ ಸ್ವತಂತ್ರವಾಗುವ ತನಕ ಕಾಯಬೇಕಾಯಿತು. 1918ರ ನವೆಂಬರ್ 28ರಂದು ಹೆಂಗಸರಿಗೆ ಮತದಾನದ ಹಕ್ಕೂ ಬಂತು.

ಬಂಧುಗಳೆ, ಇಷ್ಟಕ್ಕೇ ಚಪ್ಪಾಳೆ ತಟ್ಟಿ ಮನೆಗೆ ಹೋಗಬೇಡಿ. ಸರ್ಕಾರ ಗಂಡುಹುಡುಗರ ಶಾಲೆಗಳನ್ನು ತನ್ನ ಖರ್ಚಿನಲ್ಲಿ ನಡೆಸುತ್ತಿತ್ತು. ಹುಡುಗಿಯರ ಶಾಲೆ ಖಾಸಗಿಯಾಗಿ, ಸಂಘದ ವಂತಿಗೆ ಮತ್ತು ಶುಲ್ಕದಿಂದ ನಡೆಯಬೇಕಾಯಿತು. ಪ್ರಾಧ್ಯಾಪಕನ ಮಗಳು ಶುಲ್ಕ ಕಟ್ಟಿ ಓದಿಯಾಳು. ಬಟ್ಟೆ ಒಗೆಯುವವಳ ಮಗಳು? ಹೆಣ್ಣೆಂಬ ಬೀಗ ಕಳಚಿದ ಮೇಲೂ ಹಣವೆಂಬ ಬೀಗ ಬಾಗಿಲಿನಲ್ಲೇ ಉಳಿಯಿತು. ಸಂಘ ಮಾಡಿದ್ದು ತಪ್ಪಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ಸಂಘದ ಹೆಗಲಿಗೆ ಬಿಟ್ಟದ್ದು ತಪ್ಪು.

ಗೆದ್ದದ್ದು ಉಳಿದೇ ಉಳಿಯುತ್ತದೆಂಬ ಭರವಸೆಯೂ ಇಲ್ಲ. 1939ರಲ್ಲಿ ನಾಜಿಗಳು ಬಂದರು. ನವೆಂಬರ್ 6ರಂದು ಸಭೆಗೆಂದು ಕರೆದು ಕ್ರಾಕೊವ್‌ನ 183 ಮಂದಿಯನ್ನು ಬಂಧಿಸಿದರು. ಅವರಲ್ಲಿ ಬಹುಪಾಲು ವಿಶ್ವವಿದ್ಯಾನಿಲಯದ ಅಧ್ಯಾಪಕರು. ಪೋಲಿಷ್ ಮಕ್ಕಳಿಗೆ ಪ್ರೌಢಶಾಲೆಗಳನ್ನೇ ಮುಚ್ಚಿದರು. ದುಡಿಯುವ ಜನಕ್ಕೆ ಹೆಚ್ಚು ಓದು ಬೇಡ ಎಂಬುದೇ ಅವರ ನೀತಿ. ಆಗ ಶಿಕ್ಷಕರು ಮನೆಮನೆಗಳಲ್ಲಿ ಗುಟ್ಟಾಗಿ ಪಾಠ ಮಾಡಿದರು, ಮತುರಾ ಪರೀಕ್ಷೆಯನ್ನೂ ಗುಟ್ಟಾಗಿಯೇ ನಡೆಸಿದರು. ಸಿಕ್ಕಿಬಿದ್ದರೆ ಸೆರೆಶಿಬಿರ ಎಂದು ಬಲ್ಲವರೇ ಈ ಕೆಲಸ ಮಾಡಿದರು.

ಇಂದು ಪೋಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿ ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅರ್ಹತೆಯಿಲ್ಲ ಎಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಇನ್ನು ನಿಮ್ಮ ಮಾತು. ಮಗನಿಗೆ ಕಾಲೇಜು, ಮಗಳಿಗೆ ಮನೆಗೆಲಸ ಎಂದು ಲೆಕ್ಕ ಹಾಕುವ ತಂದೆ ಈ ಸಭೆಯಲ್ಲಿಯೂ ಇದ್ದಾನು. ಮಾಲೀಕ ನಮಗೆ ಹಾಕಿದ ಬೀಗವನ್ನು ಮುರಿಯಲು ಸಂಘ ಕಟ್ಟುತ್ತೇವೆ. ಮನೆಯಲ್ಲಿ ನಾವು ಹಾಕಿದ ಬೀಗದ ಕೀಲಿ ಯಾರ ಸೊಂಟದಲ್ಲಿದೆ? ಈ ರಾತ್ರಿ ತಡಕಿ ನೋಡಿಕೊಳ್ಳಿ.